ಸಂಜೀವನ ಹೆಸರಿನ ಆಟಕ್ಕೆ ಒಂದು ಡಬ್ಬಿ ಹಪ್ಪಳ

ಬೆಳುವಾಯಿ

ಸಮುದ್ರ ದಾಟಿ ಬಂದವನು ನಾಲ್ಕು ಮಾತು ಬರೆಯಬೇಕು ಎಂದು ಬಂಟವಾಳದ ಶಾಲೆಯಲ್ಲಿ ನನ್ನ ಜೊತೆಗಿರುವ ಅಧ್ಯಾಪಕರು ಒತ್ತಾಯಿಸುತ್ತಲೇ ಇದ್ದಾರೆ. ಅವರಿಗೆ ಬೇಕಾದದ್ದು ಒಂಟೆ, ಖರ್ಜೂರ, ಎಣ್ಣೆ ಬಾವಿ. ಒಂಟೆಯನ್ನು ನಾನು ದೂರದಿಂದ ನೋಡಿದೆ. ಅದು ನನ್ನ ಕಡೆ ತಿರುಗಲೂ ಇಲ್ಲ. ನಾನು ಬಹರೈನಿಗೆ ಹೋದದ್ದು ಸತ್ತ ಸ್ನೇಹಿತನ ಹೆಸರಿನಲ್ಲಿ ನಡೆದ ಒಂದು ಗಾಲ್ಫ್ ಪಂದ್ಯಕ್ಕೆ.

ನಮ್ಮ ಕುಟುಂಬದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವರಲ್ಲಿ ನಾನೇ ಮೊದಲಿಗ. ತಾಯಿ ಬೀಡಿ ಕಟ್ಟಿದಳು, ನಾನು ರಜೆಯಲ್ಲಿ ನೇಗಿಲು ಹಿಡಿದೆ, ಹಾಗೆ ಬಂದದ್ದು ನನ್ನ ಬಿ.ಎ. ಅದನ್ನು ಹೆಸರಿನ ಮುಂದೆ ಬರೆಯಲು ನನಗೆ ನಾಚಿಕೆಯಿಲ್ಲ. ಸಂಜೀವ ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯ ಧಣಿಗಳ ಮಗ. ಬೆಳುವಾಯಿಯಿಂದ ಮೂಡಬಿದಿರೆಯ ಶಾಲೆಗೆ ನಾವಿಬ್ಬರೂ ಒಟ್ಟಿಗೆ ನಡೆದವರು. ಸಂಜೆ ಹಿಂತಿರುಗುವಾಗ ಮೊದಲು ಸಿಗುವುದು ರಸ್ತೆ ಬದಿಯ ನಮ್ಮ ಮನೆ. ಅವನು ಅಲ್ಲಿ ಗಂಜಿ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಅವನಿಗೆ ಹೊಟ್ಟೆಯ ಕಾಯಿಲೆ ಶುರುವಾಯಿತು. ಉಂಡದ್ದು ನಿಲ್ಲದು. ನೋವು ಬಂದರೆ ಮೊಣಕಾಲನ್ನು ಎದೆಗೆ ಒತ್ತಿ ಮಲಗುತ್ತಿದ್ದ. ಎದೆಯ ಎಲುಬು ಎಣಿಸುವಷ್ಟು ಇಳಿದುಹೋದ. ಡಾಕ್ಟರುಗಳಿಗೆ ತಿಳಿಯಲಿಲ್ಲ. ಆಗ ಮನೆಯವರು ಅವನನ್ನು ಮುಂಡಾಜೆಯ ಆಚೆ, ಘಾಟಿಯ ಬುಡದಲ್ಲಿದ್ದ ಕೈಮದ್ದು ತೆಗೆಯುವವನ ಬಳಿಗೆ ಕರೆದುಕೊಂಡು ಹೋದರು. ಕೈಮದ್ದು ಎಂದರೆ ವಶ ಮಾಡಿಕೊಳ್ಳಲಿಕ್ಕೆ ಊಟದಲ್ಲಿ ಗುಟ್ಟಾಗಿ ಹಾಕಿಕೊಡುವ ವಿಷ. ನಮ್ಮ ಕಡೆ ವಾಸಿಯಾಗದ ಹೊಟ್ಟೆನೋವಿಗೆಲ್ಲ ಇದೇ ಹೆಸರು. ಆ ಮನುಷ್ಯ ಏನನ್ನೋ ಕುಡಿಸಿ ವಾಂತಿ ಮಾಡಿಸಿದ. ವಾಂತಿಯಲ್ಲಿ ಒಂದು ಕಪ್ಪು ಗಂಟನ್ನು ಕಡ್ಡಿಯಿಂದ ಎತ್ತಿ ತೋರಿಸಿದ. "ರಸ್ತೆ ಬದಿಯ ಮನೆ, ಹೆಂಗಸಿನ ಕೈ" ಎಂದ.

ರಸ್ತೆ ಬದಿಯ ಮನೆ ನಮ್ಮದು. ಹೆಂಗಸು ನನ್ನ ತಾಯಿ, ಬಾಗಿ.

ಮಗನನ್ನು ಓದಿಸಲು ಧಣಿಯ ಮಗನನ್ನು ವಶ ಮಾಡಿಕೊಂಡಳು ಎಂದು ಊರು ನಿರ್ಣಯಿಸಿತು. ಯಾರೂ ಜಗಳಕ್ಕೆ ಬರಲಿಲ್ಲ. ನಮ್ಮಲ್ಲಿ ಹಾಗೆಲ್ಲ ಬರುವುದಿಲ್ಲ. ಬಿಸಿಲಲ್ಲಿ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುವುದು ಎಲ್ಲ ಮನೆಗಳ ಮರ್ಯಾದೆ. ನಮ್ಮ ಜಗಲಿಯಲ್ಲಿ ಕೂತವರು ಆ ಚೆಂಬನ್ನು ಮುಟ್ಟದೆ, "ಈಗ ಕುಡಿದು ಬಂದೆ" ಎಂದು ಎದ್ದು ಹೋಗತೊಡಗಿದರು.

ಸಂಜೀವ ಇದನ್ನು ನಂಬಲಿಲ್ಲ. ಅವನಿಗೆ ಬಹರೈನಿನ ತೈಲ ಕಂಪೆನಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ರಜೆಯಲ್ಲಿ ಬಂದಾಗಲೆಲ್ಲ ರಸ್ತೆಗೆ ಕಾಣುವ ಹಾಗೆ ನಮ್ಮ ಜಗಲಿಯ ತುದಿಯಲ್ಲಿ ಕೂತು, "ಬಾಗಿಯಕ್ಕ, ಗಂಜಿ ಬಡಿಸಿ, ಎರಡು ಹಪ್ಪಳವೂ ಬರಲಿ!" ಎಂದು ಬೊಬ್ಬೆ ಹಾಕುತ್ತಿದ್ದ. ಆ ಗಂಜಿ ಅವನಿಗೆ ಒಗ್ಗುತ್ತಿರಲಿಲ್ಲ. ಮನೆಯ ಹಿಂದೆ ಹೋಗಿ ಬಾಳೆಯ ಬುಡದಲ್ಲಿ ಹೊಟ್ಟೆ ಹಿಡಿದು ಕೂರುವುದನ್ನು ನಾನು ನೋಡಿದ್ದೇನೆ. ಆಮೇಲೆ ಮುಖ ತೊಳೆದು ಮತ್ತೆ ಜಗಲಿಗೆ ಬರುತ್ತಿದ್ದ. ಅವನು ಬದುಕಿದ್ದಷ್ಟು ದಿನ ನನ್ನ ತಾಯಿಯ ಹೆಸರು ಹೇಗೋ ಉಳಿದುಕೊಂಡಿತ್ತು.

ಬಹರೈನಿನಲ್ಲಿ ಎರಡನೇ ಆಪರೇಶನ್ನಿನ ನಂತರ ಸಂಜೀವ ತೀರಿಕೊಂಡ. ವರ್ಷ ತುಂಬುವ ಮೊದಲು ಅಲ್ಲಿನ ಕ್ಲಬ್ಬಿನವರು ಅವನ ಹೆಸರಿನಲ್ಲಿ ಪಂದ್ಯ ಇಟ್ಟು, ಅವನನ್ನು ಕೊಂದ ಕಾಯಿಲೆಯ ಕಾರಣ ಹುಡುಕುತ್ತಿರುವ ವಿಲಾಯತಿಯ ಆಸ್ಪತ್ರೆಗೆ ಸಹಾಯ ಕಳಿಸುವುದೆಂದು ತೀರ್ಮಾನಿಸಿದರು. ಊರಿನಿಂದ ಒಬ್ಬರು ಬರಬೇಕು, ಹಡಗಿನ ಟಿಕೇಟು ನಮ್ಮದು ಎಂದು ಬರೆದರು. ಸಂಜೀವನ ಸೋದರಮಾವ ಒಲ್ಲೆ ಎಂದ. ದೊಡ್ಡ ಮನೆಯ ಅಮ್ಮ, ಅಂದರೆ ಸಂಜೀವನ ತಾಯಿ, ನನ್ನನ್ನು ಕರೆಸಿದರು. ಚಾವಡಿ ತುಂಬ ಜನ ಇದ್ದರು.

"ಬಾಬು ಹೋಗಲಿ. ಅವನಿಗೆ ಇಂಗ್ಲಿಷ್ ಬರ್ತದೆ. ಮಗ ಎಂತದರಿಂದ ಸತ್ತದ್ದು ಅಂತ ಆ ಡಾಕ್ಟರನ ಬಾಯಿಯಿಂದಲೇ ಕೇಳಿಕೊಂಡು ಬರಲಿ" ಎಂದರು. ಅವರು ಆಡಿದ್ದು ತುಳುವಿನಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಮೇಲೆ ನನ್ನ ಮುಖ ನೋಡಿ ಹೇಳಿದರು: "ಮದ್ದಿನಿಂದ ಅಲ್ಲ ಅಂತಾದರೆ, ನಾನೇ ನಿಮ್ಮ ಜಗಲಿಗೆ ಬಂದು ಬೆಲ್ಲ ನೀರು ಕುಡೀತೇನೆ. ಎಲ್ಲರೂ ನೋಡಲಿ."

ಮನೆಗೆ ಬಂದು ತಾಯಿಗೆ ಹೇಳಿದೆ. ಅವಳು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಹಲಸಿನ ಹಪ್ಪಳ. "ಅಲ್ಲಿ ನಮ್ಮ ಊರಿನವರು ಉಂಟಲ್ವ? ಸಂಜೀವಣ್ಣನ ಹೆಸರಲ್ಲಿ ಎಲ್ಲರಿಗೂ ಕೊಡು."

ಹಡಗು

ಮುಂಬಯಿಯಿಂದ ಡೆಕ್ಕಿನ ಮೇಲೆ ಪ್ರಯಾಣ. ಹತ್ತಿದ ಕೂಡಲೇ ಜನ ಚಾಪೆ, ಟ್ರಂಕು, ಸ್ಟವ್ವು ಇಟ್ಟು ಗಡಿ ಹಾಕಿಕೊಂಡರು. ಬಯಲಾಟಕ್ಕೆ ಮೊದಲೇ ಬಂದು ಚಾಪೆ ಹಾಸಿ ಜಾಗ ಹಿಡಿಯುವ ನಮ್ಮ ಊರಿನ ಹೆಂಗಸರೂ ಇಷ್ಟು ಚುರುಕಲ್ಲ. ನಾನು ಪದವೀಧರನ ಗಾಂಭೀರ್ಯದಿಂದ ನಿಂತು ನೋಡಿದೆ, ಆದ್ದರಿಂದ ನನಗೆ ಸಿಕ್ಕಿದ್ದು ಕೊಳಾಯಿಯ ಪಕ್ಕದ ಒದ್ದೆ ಜಾಗ.

ಕರಾಚಿ ಬರುವ ತನಕ ನಾನು ಬಿ.ಎ.ಯೂ ಅಲ್ಲ, ಎಂ.ಎ.ಯೂ ಅಲ್ಲ, ಬರೀ ವಾಂತಿ. ಪಕ್ಕದ ಚಾಪೆಯ ಪಠಾಣ ಮುದುಕ ಒಂದು ಲವಂಗ ನನ್ನ ಬಾಯಿಗೆ ತುರುಕಿ, ದವಡೆ ಮುಚ್ಚಿ ಹಿಡಿದ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಅವನು ಯಾರು, ಎಲ್ಲಿಯವನು, ಲವಂಗದ ಜೊತೆ ಮತ್ತೇನಿತ್ತು ಎಂದು ನಾನು ಕೇಳಲಿಲ್ಲ. ಜಗಿದು ನುಂಗಿದೆ. ಇದು ನೆನಪಾಗಿ ಅರ್ಥವಾದದ್ದು ಆಮೇಲೆ.

ಸ್ವಲ್ಪ ಸುಧಾರಿಸಿದ ಮೇಲೆ ಕಂಬಿ ಹಿಡಿದು ನಿಂತು ನನ್ನ ಇಂಗ್ಲಿಷ್ ಭಾಷಣವನ್ನು ಸಮುದ್ರಕ್ಕೆ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಜನ ನಾನು ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡು ದಾರಿ ಬಿಡುತ್ತಿದ್ದರು.

ಕ್ಯಾಂಪು

ಬಹರೈನಿನಲ್ಲಿ ನನ್ನನ್ನು ಎದುರುಗೊಂಡವನು ಬಂಟವಾಳದ ಲಾಜರ್. ಸಂಜೀವನ ಜೊತೆ ಒಂದೇ ಕೋಣೆಯಲ್ಲಿ ಇದ್ದವನು, ಕ್ಲಬ್ಬಿನ ಆಫೀಸಿನಲ್ಲಿ ಟೈಪಿಸ್ಟು. ದೇವಭಕ್ತ, ಬಾಯಾಳಿ.

"ಏನು ಮಾಸ್ಟ್ರೇ, ಕೋಟು ಹಾಕಿಕೊಂಡು ಬಂದಿದ್ದೀರಿ! ಇಲ್ಲಿ ಮರಳೇ ಬೇಯ್ತದೆ, ನೀವು ಯಾವ ಲೆಕ್ಕ? ತೆಗೀರಿ ಮಾರಾಯ್ರೆ."

ಆ ಊರಿನಲ್ಲಿ ಮಣ್ಣು ಎನ್ನುವಂಥದ್ದು ಇಲ್ಲ. ಕಾಲಿಗೆ ಸಿಗುವುದೆಲ್ಲ ಮರಳು, ಕಣ್ಣಿಗೆ ಸಿಗುವುದೆಲ್ಲ ಬಿಳಿ ಬೆಳಕು. ಇಂಥಲ್ಲಿ ಅವನು ಹೇಗೆ ಇದ್ದ ಎಂದು ಕೇಳಿದೆ.

"ಅವನಿಗೆ ಇದೇ ಚಂದ ಇತ್ತು. ಇಲ್ಲಿ 'ಉಂಡಿಯಾ, ಯಾಕೆ ಉಣ್ಣುವುದಿಲ್ಲ' ಅಂತ ಕೇಳುವವರು ಯಾರಿದ್ದಾರೆ? ಡಾಕ್ಟರ್ ನಡೆಯಲಿಕ್ಕೆ ಹೇಳಿದರು. ಸುಮ್ಮನೆ ನಡೆಯುವುದು ಎಂತಕ್ಕೆ ಅಂತ ಗಾಲ್ಫ್ ಕೋಲು ಹಿಡಿದ. ಮೊದಲು ಕಂಪೆನಿಯ ಬಿಳಿ ದೊರೆಗಳು ನಕ್ಕರು. ಆಮೇಲೆ ಅವರೇ ಶುಕ್ರವಾರ ಬಂದು ಕರೀತಿದ್ದರು. ಆಟದ ಮಧ್ಯೆ ನೋವು ಬಂದರೆ ಕೋಲು ಊರಿ ನಿಲ್ಲುತ್ತಿದ್ದ. ಎಲ್ಲರೂ ಆಕಾಶ ನೋಡುತ್ತಾ ಕಾಯುತ್ತಿದ್ದರು. ಯಾರೂ ಒಂದು ಮಾತು ಕೇಳ್ತಿರಲಿಲ್ಲ, ಮಾಸ್ಟ್ರೇ."

ಆ ದಿನ ಊಟಕ್ಕೆ ನಮ್ಮ ಕಡೆಯವರೆಲ್ಲ ಮೆಸ್ಸಿನಲ್ಲಿ ಸೇರಿದರು. ಮೂಡಬಿದಿರೆಯವರು, ಮಿಜಾರಿನವರು, ಬೆಳ್ತಂಗಡಿಯ ಫಿಟ್ಟರ್ ದೇಜಪ್ಪ. ಊರಿನ ಸುದ್ದಿ ಕೇಳಿದರು, ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ್ದರಿಂದ ಎಂತ ಲಾಭ ಆಯಿತು ಎಂದು ನನ್ನನ್ನೇ ಮಂತ್ರಿ ಎಂಬಂತೆ ತರಾಟೆಗೆ ತೆಗೆದುಕೊಂಡರು. ಸಂತೋಷವಾಯಿತು. ನಾನೇ ಅಡುಗೆ ಕೋಣೆಗೆ ಹೋಗಿ ಹಪ್ಪಳ ಕಾಯಿಸಿ, ತಟ್ಟೆಯಲ್ಲಿ ಗೋಪುರದ ಹಾಗೆ ಪೇರಿಸಿ ತಂದೆ.

"ಓಹೋ, ಹಲಸಿನದ್ದು!" ಎಂದು ದೇಜಪ್ಪ ಕೈ ಚಾಚಿದ. "ಯಾರು ಮಾಡಿದ್ದು ಮಾಸ್ಟ್ರೇ?"

"ನನ್ನ ತಾಯಿ. ಸಂಜೀವನಿಗೆ ಪ್ರೀತಿ ಅಂತ."

ಚಾಚಿದ ಕೈ ಪಕ್ಕದ ನೀರಿನ ಲೋಟ ಹಿಡಿಯಿತು. "ನನಗೆ ಯಾಕೋ ಹೊಟ್ಟೆ ಸರಿ ಇಲ್ಲ" ಎಂದ. ಮಿಜಾರಿನವನಿಗೂ ಸರಿ ಇರಲಿಲ್ಲ. ಮೂಡಬಿದಿರೆಯವನು ಎಣ್ಣೆಯದ್ದು ಬಿಟ್ಟು ತಿಂಗಳಾಯಿತಂತೆ. ಅಂದು ಆ ಮೆಸ್ಸಿನಲ್ಲಿ ಎಲ್ಲರ ಹೊಟ್ಟೆಯೂ ಒಟ್ಟಿಗೇ ಕೆಟ್ಟಿತ್ತು.

ಲಾಜರ್ ಮಾತ್ರ ಒಂದನ್ನು ತೆಗೆದುಕೊಂಡ. "ಕೊಡಿ ಮಾರಾಯ್ರೆ, ಇವರೆಲ್ಲ ಹೆದರುಪುಕ್ಕಲರು" ಎಂದು ಮುರಿದು, ತಿನ್ನುತ್ತಾ ಹೊರಗೆ ಹೋಗುವವನ ಹಾಗೆ ಹೊರಗೆ ಹೋದ. ಮರುದಿನ ಬೆಳಿಗ್ಗೆ ಬಾಗಿಲಿನ ಆಚೆ ಮರಳಿನಲ್ಲಿ ಆ ಎರಡು ಚೂರುಗಳು ಬಿದ್ದಿದ್ದವು.

ನಾನು ಅವುಗಳನ್ನು ನೋಡುತ್ತಿದ್ದದ್ದನ್ನು ಲಾಜರ್ ನೋಡಿದ. ಮುಚ್ಚಲು ಹೋಗಲಿಲ್ಲ. "ನಾನು ಅವನ ಮಂಚದ ಪಕ್ಕ ಮಲಗಿದವ, ಮಾಸ್ಟ್ರೇ. ಅವನು ಹೊರಳಾಡುವುದು ನೋಡಿದವ. ಸುಳ್ಳೇ ಇರಬಹುದು. ಆದರೆ ಬಾಯಿ ತೆರೆಯಲಿಕ್ಕೆ ಆಗಲಿಲ್ಲ. ನೀವು ಡಾಕ್ಟರ ಹತ್ತಿರ ಕೇಳಿ. ಅವರು ಎಲ್ಲರೆದುರು ಒಂದು ಮಾತು ಹೇಳಲಿ. ಮುಗೀತದೆ."

ಇಷ್ಟು ದೂರ ಹಡಗಿನಲ್ಲಿ ಬಂದವನು ನಾನು. ಕೈಮದ್ದಿನ ಆ ಮಾತು ನನಗಿಂತ ಮೊದಲೇ ಬಂದು ಇಲ್ಲಿ ಸಂಸಾರ ಹೂಡಿತ್ತು.

ಆಟದ ದಿನ

ಗಾಲ್ಫ್ ಎಂದರೆ ಹುಲ್ಲಿನ ಮೇಲಿನ ಆಟ ಎಂದು ನಾನು ಓದಿದ್ದೆ. ಇಲ್ಲಿ ಹುಲ್ಲೇ ಇಲ್ಲ. ಆಟಗಾರರು ಪ್ರತಿಯೊಬ್ಬರೂ ಒಂದು ಹಸಿರು ಚಾಪೆಯ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ಚೆಂಡು ಎಲ್ಲಿ ಬಿದ್ದಿತೋ ಅಲ್ಲಿ ಚಾಪೆ ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆಯುವುದು. ಕೊನೆಗೆ ಚೆಂಡು ಸೇರಬೇಕಾದ ಕುಳಿಯ ಸುತ್ತ ಮರಳಿಗೆ ಕಚ್ಚಾ ಎಣ್ಣೆ ಸುರಿದು ನುಣ್ಣಗೆ ಮಾಡಿರುತ್ತಾರೆ. ಸಗಣಿ ಸಾರಿಸಿದ ಅಂಗಳದ ಹಾಗೆ ಕಾಣುತ್ತದೆ. ಅದಕ್ಕೆ ಅವರು ಬ್ರೌನ್ ಎನ್ನುತ್ತಾರೆ. ಒಂದು ತಂಡ ಆಡಿ ಹೋದ ಕೂಡಲೇ ಉದ್ದ ಹಿಡಿಯ ಹಲಗೆಯನ್ನು ಎಳೆದು ಹೆಜ್ಜೆ ಗುರುತುಗಳನ್ನೆಲ್ಲ ಅಳಿಸಬೇಕು. ಮುಂದಿನವರಿಗೆ ಹಿಂದಿನವರ ಗುರುತು ಇರಬಾರದು.

ಮೊದಲ ಹೊಡೆತ ನನ್ನದು ಎಂದರು. ಕೋಲು ಹಿಡಿದೆ. ಕೊಡಲಿ ಹಿಡಿದ ಕೈ ಅಲ್ಲವೇ, ಬೀಸಿದೆ. ಚೆಂಡು ಕೂತಲ್ಲೇ ಕೂತಿತು, ಮರಳು ಹಾರಿ, ಸಂಜೀವನನ್ನು ನೋಡಿಕೊಂಡಿದ್ದ ಡಾಕ್ಟರ ಅಂಗಿಯೊಳಗೆ ಹೋಯಿತು. ಎರಡನೇ ಬಾರಿ ಚಾಪೆ ಚೆಂಡಿಗಿಂತ ದೂರ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದೊರೆಗಳಲ್ಲಿ ಒಬ್ಬ, "ಸಂಜೀವನ ಮೊದಲ ಹೊಡೆತವೂ ಹೀಗೆಯೇ ಇತ್ತು" ಎಂದ. ಹೌದೋ ಅಲ್ಲವೋ, ಹೇಳಿದ ರೀತಿ ಚೆನ್ನಾಗಿತ್ತು.

ಮೊದಲ ಬ್ರೌನಿನ ಹತ್ತಿರ ಹೋದಾಗ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿದರು. ಒಬ್ಬನು ಟೊಪ್ಪಿ ತೆಗೆದ. ನಾನು ಹಿಂದೆಮುಂದೆ ನೋಡದೆ ಚಪ್ಪಲಿ ಕಳಚಿ ಬದಿಗಿಟ್ಟು ಬರಿಗಾಲಲ್ಲಿ ಒಳಗೆ ಕಾಲಿಟ್ಟೆ. ಸತ್ತವನ ಹೆಸರು, ಸಾರಿಸಿದ ನೆಲ, ಮೌನ. ನಮ್ಮ ಊರಿನವನು ಮತ್ತೇನು ಮಾಡುತ್ತಾನೆ? ಆಟಗಾರ ಚೆಂಡಿಗೆ ಗುರಿ ಇಡುವಾಗ ಮಾತಾಡಬಾರದು ಎಂಬುದಷ್ಟೇ ಆ ಮೌನದ ಕಾರಣವೆಂದು, ಟೊಪ್ಪಿ ತೆಗೆದದ್ದು ಬೆವರು ಒರೆಸಲಿಕ್ಕೆಂದು ಲಾಜರ್ ಆಮೇಲೆ ತಿಳಿಸಿದ. ಎಣ್ಣೆ ಬಿಸಿಯಿತ್ತು. ಪಾದ ಸುಟ್ಟಿತು, ಅಂಗಾಲಿಗೆ ಕಪ್ಪು ಹತ್ತಿತು. ಕುಳಿಯ ಸುತ್ತ ನನ್ನ ಹತ್ತು ಬೆರಳುಗಳೂ ಅಚ್ಚಾದವು. ಹಲಗೆ ಎಳೆಯುವವನು ಬಂದ. ಆ ಗುರುತುಗಳನ್ನು ನೋಡಿ ಒಮ್ಮೆ ನಿಂತ. ಎಳೆಯಲೋ ಬೇಡವೋ ಎಂದು ನನ್ನ ಮುಖ ನೋಡಿದ. ಎಳೆ ಎಂದು ತಲೆ ಆಡಿಸಿದೆ.

ಚಹಾದ ಡೇರೆಯಲ್ಲಿ ಡಾಕ್ಟರ್ ಒಬ್ಬರೇ ಕೂತಿದ್ದರು. ಸ್ಕಾಟ್ಲೆಂಡಿನವರು, ಕೆಂಪು ಕುತ್ತಿಗೆ, ಮೆತ್ತಗಿನ ಮಾತು. ಕೇಳಿದೆ.

"ಕ್ರೋನ್ಸ್ ಎಂದು ಅದರ ಹೆಸರು" ಎಂದರು. "ಕರುಳು ಒಳಗಿಂದಲೇ ಹುಣ್ಣಾಗಿ ದಪ್ಪವಾಗುತ್ತದೆ, ದಾರಿ ಕಟ್ಟಿಹೋಗುತ್ತದೆ. ಕತ್ತರಿಸಿ ತೆಗೆದರೂ ಪಕ್ಕದಲ್ಲಿ ಮತ್ತೆ ಶುರುವಾಗುತ್ತದೆ."

"ವಿಷದಿಂದ ಬರುತ್ತದೆಯೇ? ಯಾರಾದರೂ ಊಟದಲ್ಲಿ ಹಾಕಿ ಕೊಟ್ಟರೆ?"

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. "ಇಲ್ಲ. ಅವನ ಹೊಟ್ಟೆ ತೆರೆದವನು ನಾನು. ಅಲ್ಲಿ ವಿಷದ ಯಾವ ಗುರುತೂ ಇರಲಿಲ್ಲ."

"ಹಾಗಾದರೆ ಯಾವುದರಿಂದ ಬರುತ್ತದೆ?"

"ಗೊತ್ತಿಲ್ಲ."

"ನಿಮಗೂ?"

"ಯಾರಿಗೂ. ಗೊತ್ತಿದ್ದರೆ ಈ ಬಿಸಿಲಲ್ಲಿ ನಾವು ಯಾಕೆ ಕೋಲು ಹಿಡಿದು ತಿರುಗುತ್ತಿದ್ದೆವು?"

ಸಂಜೆ ಬಹುಮಾನದ ಸಭೆಯಲ್ಲಿ ವಿಷವಲ್ಲ ಎಂಬ ಮಾತನ್ನು ದಯವಿಟ್ಟು ಹೇಳಿ ಎಂದು ಕೇಳಿಕೊಂಡೆ. ಯಾಕೆಂದು ಅವರು ಕೇಳಿದರು. ಹೇಳಿದೆ. ಇಂಥದ್ದು ತಮ್ಮ ಅಜ್ಜಿಯ ಊರಿನಲ್ಲೂ ಇತ್ತು ಎಂದರು.

ಅವರು ಮಾತು ತಪ್ಪಲಿಲ್ಲ. ಹೇಳಿದರು. ಆದರೆ ಆ ಸಭೆ ಸೇರಿದ್ದು ದಾನಕ್ಕಾಗಿ. ದಾನ ಕೊಡುವವರ ಮನಸ್ಸು ಕರಗಬೇಕಲ್ಲ, ಆದ್ದರಿಂದ ಅದಕ್ಕಿಂತ ಹೆಚ್ಚು ಹೊತ್ತು ಹೇಳಿದ್ದು ಮತ್ತೊಂದನ್ನು: ಇದಕ್ಕೆ ಕಾರಣ ನಮಗೆ ಗೊತ್ತಿಲ್ಲ, ಗಾಳಿಯೋ, ನೀರೋ, ತಿನ್ನುವ ಅನ್ನವೋ, ಹುಟ್ಟಿನಿಂದಲೇ ಬಂದದ್ದೋ ಗೊತ್ತಿಲ್ಲ, ಗೊತ್ತಿಲ್ಲ. ಪ್ರತಿ ಸಲ ಮೇಜಿಗೆ ಬೆರಳಿನಿಂದ ಕುಟ್ಟಿ ಹೇಳಿದರು. ಹಿಂದೆ ನಿಂತಿದ್ದ ನಮ್ಮವರಲ್ಲಿ ಇಂಗ್ಲಿಷ್ ಬಲ್ಲವರು ಬಾರದವರ ಕಿವಿಯಲ್ಲಿ ಹೇಳಿದರು. 'ತಿನ್ನುವ ಅನ್ನ' ಎಂಬಲ್ಲಿ ದೇಜಪ್ಪ ತಿರುಗಿ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಅವನೇ ಮೊದಲು ಕಣ್ಣು ತಿರುಗಿಸಿದ, ಆದರೆ ಸೋತವನ ಹಾಗೆ ಅಲ್ಲ.

ನನ್ನ ಭಾಷಣದ ಸರದಿ ಬಂತು. ಸಮುದ್ರಕ್ಕೆ ಕೇಳಿಸಿದ್ದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಸಂಜೀವ ನಮ್ಮ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದ, ಒಗ್ಗದಿದ್ದರೂ ಕುಡಿಯುತ್ತಿದ್ದ ಎಂದು ಹೇಳಿ ಕೂತೆ. ದೊರೆಗಳ ಹೆಂಗಸರು ಕಣ್ಣು ಒರೆಸಿಕೊಂಡರು. ಮೆಸ್ಸಿನವರು ನೆಲ ನೋಡಿದರು. ದೊಡ್ಡ ಕಪ್ ಗೆದ್ದವನಿಗೆ ಹೋಯಿತು, ಸಂಜೀವನ ಹೆಸರು ಕೆತ್ತಿದ ಚಿಕ್ಕದೊಂದನ್ನು ಅವನ ತಾಯಿಗೆಂದು ನನ್ನ ಕೈಗೆ ಕೊಟ್ಟರು.

ಹಿಂತಿರುಗುವ ಹಡಗು

ಪಕ್ಕದ ಚಾಪೆ ಮಲಬಾರಿನ ಒಂದು ಸಂಸಾರದ್ದು. ಅವರ ಸ್ಟವ್ವಿನಲ್ಲಿ ಗಂಜಿ ಬೇಯುತ್ತಿತ್ತು. ವಾಸನೆ ತಡೆಯಲಾರದೆ ಡಬ್ಬಿ ತೆರೆದು ಕೊಟ್ಟೆ. ಆ ಹೆಂಗಸು ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, ಹರಡಿದವರ ಕೈ ಒಳ್ಳೆಯದು ಎಂಬಂತೆ ತಲೆಯಾಡಿಸಿದಳು. ಕಾಯಿಸಿ ಎಲ್ಲರಿಗೂ ಹಂಚಿದಳು. ಗಂಡ ತಿಂದ, ಮಕ್ಕಳು ಕಿತ್ತಾಡಿ ತಿಂದರು, ನಾನೂ ತಿಂದೆ. ಮುಂಬಯಿ ಬರುವಾಗ ಡಬ್ಬಿಯಲ್ಲಿ ಪುಡಿ ಕೂಡ ಉಳಿದಿರಲಿಲ್ಲ. ಪಠಾಣನ ಲವಂಗ ನನಗೆ ನೆನಪಾದದ್ದು ಆಗ. ಪರಿಚಯ ಇಲ್ಲದವರ ನಡುವೆ ಅನ್ನಕ್ಕೆ ಭಯವಿಲ್ಲ.

ಮತ್ತೆ ಬೆಳುವಾಯಿ

ದೊಡ್ಡ ಮನೆಗೆ ನೇರ ಹೋದೆ. ಅಮ್ಮ ಚಾವಡಿಯಲ್ಲೇ ಇದ್ದರು. ಕೆಲಸದವಳು ನನ್ನ ಮುಂದೆ ಬೆಲ್ಲ, ನೀರು ಇಟ್ಟಳು. ಕುಡಿದೆ. ಕಪ್ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ಎಂತ ಹಾಕುವುದು?"

"ಎಂತದೂ ಹಾಕಲಿಕ್ಕಿಲ್ಲ ಅಮ್ಮ. ನೋಡಲಿಕ್ಕೆ ಇರುವುದು."

"ಉಣ್ಣಲಿಕ್ಕೆ ಆಗದೆ ಸತ್ತವನಿಗೆ ಖಾಲಿ ಪಾತ್ರೆ" ಎಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ಮುದುಕಿಯ ಮೇಲೆ ನನಗಿದ್ದ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ.

ಕಾಯಿಲೆಯ ಹೆಸರು ಹೇಳಿದೆ. ಡಾಕ್ಟರು ಹೊಟ್ಟೆ ತೆರೆದು ನೋಡಿದ್ದನ್ನು, ಮದ್ದಿನ ಗುರುತು ಇರಲಿಲ್ಲ ಎಂದದ್ದನ್ನು ಹೇಳಿದೆ. ಪಾಠ ಮಾಡುವ ಹಾಗೆ ನಿಧಾನವಾಗಿ, ಬಿಡಿಸಿ ಹೇಳಿದೆ.

"ಮತ್ತೆ ಎಂತದರಿಂದ ಬಂದದ್ದಂತೆ?"

ನಾನು ಸುಳ್ಳು ಹೇಳಬಹುದಿತ್ತು. ಉಪ್ಪುನೀರಿನಿಂದ, ಒಂದು ಹುಳದಿಂದ ಎಂದರೆ ಸಾಕಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಡಾಕ್ಟರನ ಬಾಯಿಯ ಮಾತು ತರುತ್ತೇನೆ ಎಂದು ಹೋದವನು ನಾನು. "ಅದು ಅವರಿಗೂ ಗೊತ್ತಿಲ್ಲ ಅಮ್ಮ" ಎಂದೆ.

"ಬೆಳ್ತಂಗಡಿಯ ದೇಜಪ್ಪನ ಕಾಗದ ಬಂದಿತ್ತಂತೆ, ಅವನ ಮನೆಯವರೂ ಹಾಗೇ ಹೇಳಿದರು. ಗೊತ್ತಿಲ್ಲ ಅಂತ ದೊಡ್ಡ ಡಾಕ್ಟರನೇ ಮೇಜು ಕುಟ್ಟಿ ಕುಟ್ಟಿ ಹೇಳಿದನಂತೆ." ಮಡಿಲಿನ ಕಪ್ಪನ್ನು ಮತ್ತೊಮ್ಮೆ ತಿರುಗಿಸಿದರು. "ಎಂತದರಿಂದ ಅಂತ ಗೊತ್ತಿಲ್ಲದವನಿಗೆ, ಎಂತದರಿಂದ ಅಲ್ಲ ಅಂತ ಹೇಗೆ ಗೊತ್ತಾಗ್ತದೆ ಬಾಬು?"

ನಾನು ಕಲಿತ ತರ್ಕಶಾಸ್ತ್ರದಲ್ಲಿ ಅದಕ್ಕೆ ಉತ್ತರ ಇತ್ತು. ಇಂಗ್ಲಿಷಿನಲ್ಲಿ ಇತ್ತು. ಮಗನನ್ನು ಕಳೆದುಕೊಂಡವಳ ಮುಂದೆ, ತುಳುವಿನಲ್ಲಿ, ಅದು ಬರಲಿಲ್ಲ.

"ನೀವು ಬರುತ್ತೇನೆ ಅಂದಿದ್ದಿರಿ" ಎಂದೆ.

"ಬರುವ, ಬರುವ" ಎಂದರು. ಅದು ಬಾರದವರು ಹೇಳುವ ಮಾತು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ತಾಯಿ ಕಾಯಿಲೆಯ ಬಗ್ಗೆ ಏನನ್ನೂ ಕೇಳಲಿಲ್ಲ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿದಳು.

"ಎಲ್ಲ ಮುಗೀತಾ? ತಿಂದರಾ?"

"ತಿಂದರು."

"ಯಾರು?"

"ಹಡಗಿನಲ್ಲಿ, ಮಲಬಾರಿನವರು. ಮಕ್ಕಳು ಕಿತ್ತಾಡಿದರು."

ಅವಳು ಡಬ್ಬಿಯನ್ನು ತೊಳೆದು ಬಿಸಿಲಿಗೆ ಕವುಚಿ ಇಟ್ಟಳು.

ದೊಡ್ಡ ಮನೆಯ ಅಮ್ಮ 'ಬರುವ' ಎಂದದ್ದನ್ನು ನಾನು ತಾಯಿಗೆ ಹೇಳಿದ್ದೇ ತಪ್ಪಾಯಿತು. ಮರುದಿನ ಅವಳು ಚೆಂಬನ್ನು ಹುಳಿ ಹಾಕಿ ಉಜ್ಜಿ, ಜಗಲಿಯ ತುದಿಯಲ್ಲಿ, ಸಂಜೀವ ಕೂರುತ್ತಿದ್ದ ಜಾಗದಲ್ಲೇ, ನೀರು ತುಂಬಿಸಿಟ್ಟಳು. ಪಕ್ಕದಲ್ಲಿ ತಟ್ಟೆಯಲ್ಲಿ ಬೆಲ್ಲ. ಅಂದು ಯಾರೂ ಬರಲಿಲ್ಲ. ಅದರ ಮರುದಿನವೂ ಇಟ್ಟಳು. ರಸ್ತೆಯಲ್ಲಿ ಬಸ್ಸು ಹೋಯಿತು, ಎತ್ತಿನ ಗಾಡಿಗಳು ಹೋದವು, ದೊಡ್ಡ ಮನೆಯ ಕೆಲಸದವಳು ಛತ್ರಿ ಅಡ್ಡ ಹಿಡಿದುಕೊಂಡು ಹೋದಳು.

ಬಂಟವಾಳಕ್ಕೆ ಹೊರಡುವ ದಿನ ನಾನು ತಟ್ಟೆ ಒಳಗೆ ತೆಗೆದಿಡಲು ಹೋದೆ. ಬೆಲ್ಲದ ತುಂಡು ಕಾಣದಷ್ಟು ಇರುವೆ ಮುತ್ತಿತ್ತು. ಕೊಡವಲು ಕೈ ಎತ್ತಿದೆ. ತಾಯಿ ತಡೆದಳು.

"ಇರಲಿ ಮಗ, ಬಿಡು" ಎಂದಳು. "ಇವಕ್ಕೆ ಹೆದರಿಕೆ ಇಲ್ಲ ನೋಡು."